ಏಳು ದಿನದ ನೀರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಮಳವಳ್ಳಿ ಬಸ್ ಸ್ಟಾಂಡಿನಲ್ಲಿ, ಕಿರುಗಾವಲಿನ ಬಸ್ಸಿಗೆ ಕಾಯುತ್ತಿದ್ದಾಗ. ನಾನು ಮೊದಲು ಕೆಲಸಕ್ಕಿದ್ದ ಹೆಣ್ಣುಮಕ್ಕಳ ವಸತಿ ಶಾಲೆಯ ಅಡುಗೆಯಾಕೆ ಎದುರಾದರು. ಊಟ ತಿಂಡಿ ಎಲ್ಲ ವಿಚಾರಿಸಿದ ಮೇಲೆ, ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಳ್ಳುತ್ತಾ, "ನೀರ್ಗಂಟಿ ಓಗ್ಬುಟ್ಟ ಕಣಮ್ಮ. ಆಯ್ತು ಒಂದ್ ವಾರ. ನಿಮ್ಗೆ ಯಾರೂ ಏಳ್ನಿಲ್ವಾ?" ಅಂದರು. ಇಲ್ಲ ಅಂದೆ. ಅಷ್ಟರಲ್ಲಿ ಬಸ್ಸು ಬಂತು. ಹತ್ತಿದೆ, ಸೀಟು ಸಿಕ್ಕಿತು, ಕೂತೆ. ಏನೂ ಆಗಲಿಲ್ಲ. ಏನಾದರೂ ಆಗಬೇಕಲ್ಲ ಎಂದು ಕಾದೆ. ಕಿರುಗಾವಲು ಬಂದರೂ ಆಗಲಿಲ್ಲ.

ಆದ್ದರಿಂದ ಇದನ್ನು ನಾನು ದುಃಖದಲ್ಲಿ ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಮಗೊಂದು ಪಾಠ ಹೇಳಿಕೊಡುತ್ತಿದ್ದರು. ನಿನ್ನ ಪಕ್ಷಕ್ಕೆ ಏಟು ಕೊಡುವ ಸಂಗತಿಯನ್ನು ಎದುರಿನವರು ಎತ್ತುವ ಮೊದಲು ನೀನೇ ಎತ್ತಿಬಿಡು, ಅರ್ಧ ಏಟು ತಪ್ಪುತ್ತದೆ. ಆ ಪಾಠದಂತೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಶಾಲೆಯ ಬಚ್ಚಲು, ಕಕ್ಕಸು, ಅಡುಗೆಮನೆಯ ನೀರು ಒಂದಷ್ಟು ಶುದ್ಧಿಯಾಗಿ ಸಣ್ಣ ಕಾಲುವೆಯೊಂದಕ್ಕೆ ಬೀಳುತ್ತಿತ್ತು. ಅದೇ ಕಾಲುವೆಯ ಮಗ್ಗುಲಲ್ಲಿ, ಒಂದು ಮೈಲಿ ಕೆಳಗೆ, ಅವರ ಕೇರಿ. ದೊಡ್ಡ ನಾಲೆಯಲ್ಲಿ ನೀರು ಹರಿಯುವ ತಿಂಗಳುಗಳಲ್ಲಿ ಏನೂ ತೊಂದರೆಯಿಲ್ಲ. ನಾಲೆ ನಿಲ್ಲಿಸಿದಾಗ ಕೇರಿಯ ಬಾವಿ ಬತ್ತುತ್ತಿತ್ತು. ಊರೊಳಗಿನ ಬಾವಿಗೆ ಅವರನ್ನು ಬಿಡುತ್ತಿರಲಿಲ್ಲ. ಆಗ ಕಾಲುವೆಯ ಮರಳಿನಲ್ಲಿ ಗುಂಡಿ ತೋಡಿ, ಒಸರಿದ ನೀರನ್ನು ಬಿಂದಿಗೆಗೆ ತುಂಬಿಕೊಂಡು ಕುಡಿಯುತ್ತಿದ್ದರು. ಆ ತಿಂಗಳುಗಳಲ್ಲಿ ಕಾಲುವೆಗೆ ಬೀಳುತ್ತಿದ್ದ ನೀರು ನಮ್ಮ ಶಾಲೆಯದೊಂದೇ. ಇದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ನಾನು ಗೊತ್ತಿದ್ದ ಅವರನ್ನು ವಾದದಲ್ಲಿ ಸೋಲಿಸಿದೆ. ವಿಷಯ ಇಷ್ಟೇ. ಇನ್ನು ಮನುಷ್ಯನ ಮಾತು.

ಅವರಿಗೊಂದು ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ನೋಡಿದ್ದೇನೆ. ಆದರೆ ಹೆಸರು ಹಿಡಿದು ಅವರನ್ನು ಯಾರೂ ಕರೆದದ್ದನ್ನು ಕೇಳಲಿಲ್ಲ, ಇಲ್ಲಿ ನಾನೂ ಬರೆಯುವುದಿಲ್ಲ. ನೀರುಗಂಟಿ ಅಂದರೆ ಕೆರೆಯ ತೂಬನ್ನು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಎಂದು ನಡೆಸುವವನು. ಅವರ ಮನೆಗೆ ಅದು ತಲೆತಲಾಂತರದ ಕೆಲಸ. ಅವರ ಊರಿನ ಕೆರೆ ಹೂಳು ತುಂಬಿ ದನ ಮೇಯುವ ಬಯಲಾಯಿತು. ತೂಬು ಉಳಿಯಿತು, ಎತ್ತಲು ನೀರಿರಲಿಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿದ್ದ ನಮ್ಮ ಶಾಲೆ ಕೊಳಚೆ ನೀರಿಗೆಂದು ಕೊಳ ಕಟ್ಟಿಸಿದಾಗ, "ನೀರು ನೋಡೋಕೆ ನೀರುಗಂಟಿನೇ ಸರಿ" ಎಂದು ಮುಖ್ಯೋಪಾಧ್ಯಾಯಿನಿ ಅವರನ್ನು ಕರೆಸಿದರಂತೆ. ಮುಖ್ಯೋಪಾಧ್ಯಾಯಿನಿಯನ್ನು ನಾವೆಲ್ಲ ದೊಡ್ಡ ಮೇಡಂ ಅನ್ನುತ್ತಿದ್ದೆವು.

ನಾನು ಸೇರಿದ್ದು ಅದಾದ ಎರಡು ವರ್ಷಕ್ಕೆ, ವಿಜ್ಞಾನದ ಟೀಚರಾಗಿ. ಮಂಡ್ಯದವಳು. ತಂದೆ ಸರ್ಕಾರಿ ನೌಕರರು, ತಾತ ಪೌರೋಹಿತ್ಯ ಮಾಡುತ್ತಿದ್ದವರು. ಮನೆಯಲ್ಲಿ ದೇವರ ಮನೆ ದೊಡ್ಡದು, ನಾನು ಅದರೊಳಗೆ ಹೋಗುವುದನ್ನು ಹದಿನೇಳಕ್ಕೇ ನಿಲ್ಲಿಸಿದ್ದೆ. ಚರ್ಚೆಯಲ್ಲಿ ಗೆದ್ದ ಫಲಕಗಳು ಒಂದು ಟ್ರಂಕಿನ ತುಂಬ ಇದ್ದವು. "ಹಿಂದಿನಿಂದ ಬಂದದ್ದು" ಎಂದು ಯಾರಾದರೂ ಅಂದರೆ ಸಾಕು, ನನ್ನ ಕೈ ತಾನಾಗಿ ಮೇಲೇಳುತ್ತಿತ್ತು. ವಿಜ್ಞಾನ ಓದಿದವಳು ಎಂಬ ಒಂದೇ ಕಾರಣಕ್ಕೆ ಕೊಳಚೆ ನೀರಿನ ಉಸ್ತುವಾರಿಯೂ ನನ್ನ ಪಾಲಿಗೆ ಬಂತು.

ಕಾಗದದಲ್ಲಿ ಅದನ್ನು ಶುದ್ಧೀಕರಣ ಸ್ಥಾವರ ಅನ್ನುತ್ತಿದ್ದರು. ನೋಡಿದರೆ ಹಾಸ್ಟೆಲಿನ ಹಿಂದೆ ಒಂದು ಮುಚ್ಚಿದ ತೊಟ್ಟಿ, ಜಲ್ಲಿಕಲ್ಲು ತುಂಬಿದ ಒಂದು ಗುಂಡಿ, ಅದರಾಚೆ ಒಂದರ ಕೆಳಗೊಂದು ಎರಡು ಕೊಳ. ಎರಡು ಕೊಳದ ನಡುವೆ ಕೊಳವೆ. ಎರಡನೇ ಕೊಳದ ಬಾಯಿಗೆ ಮರದ ಹಲಗೆ. ಹಲಗೆ ಎತ್ತಿದರೆ ನೀರು ಕಾಲುವೆಗೆ. ಮೋಟಾರಿಲ್ಲ, ಕರೆಂಟಿಲ್ಲ.

ಇದನ್ನು ಅವರು ಕೆರೆಯಂತೆ ನಡೆಸುತ್ತಿದ್ದರು. ಎರಡನೇ ಕೊಳ ತುಂಬಿದ ಕೂಡಲೇ ನಡುವಿನ ಕೊಳವೆಗೆ ಗೋಣಿಚೀಲ ತುರುಕಿ, ಜೇಡಿಮಣ್ಣು ಮೆತ್ತಿ, ಹೊಸ ನೀರು ಒಂದು ಹನಿಯೂ ಕೆಳಗಿಳಿಯದಂತೆ ಮಾಡುತ್ತಿದ್ದರು. ಆಮೇಲೆ ಸೊಂಟದಲ್ಲಿದ್ದ ಕತ್ತಾಳೆ ಹಗ್ಗಕ್ಕೆ ದಿನಕ್ಕೊಂದು ಗಂಟು. ಏಳು ಗಂಟಾದ ದಿನ ಬೆಳಿಗ್ಗೆ ಎಲ್ಲಿಗೋ ಎದ್ದು ಹೋಗುವರು. ಮಧ್ಯಾಹ್ನ ಬಂದು ಹಲಗೆ ಎತ್ತಿ ಕೊಳವನ್ನು ಒಂದೇ ಸಲಕ್ಕೆ ಖಾಲಿ ಮಾಡುವರು. ನಂತರ ಕೂತು ಏಳೂ ಗಂಟನ್ನು ಹಲ್ಲಿನಿಂದ ಬಿಚ್ಚುವರು.

ನಾನು ಅವರನ್ನು "ನೀವು" ಅನ್ನುತ್ತಿದ್ದೆ. ತತ್ವಕ್ಕಾಗಿ. ಮೊದಲ ಸಲ ಹಾಗಂದಾಗ ಅವರು ತಿರುಗಿ ಹಿಂದೆ ನೋಡಿದರು.

"ಯಾಕೆ, ಏನಾಯ್ತು?"

"ನೀವು ಅಂದ್ರಲ್ಲ ಮೇಡಮ್ಮೋರೆ, ನನ್ನಿಂದ್ಗಡೆ ಇನ್ಯಾರಾರ ನಿಂತವ್ರಾ ಅಂತ ನೋಡ್ದೆ."

ಅವರು ಮಾತ್ರ ನನಗೆ ಒಂದು ಸಲ ನೀವು, ಒಂದು ಸಲ ನೀನು. ಕೋಪ ಬಂದಾಗ ನೀವು.

ಹಾಸ್ಟೆಲಿನ ಒಳಗೆ ಅವರು ಎಂದೂ ಕಾಲಿಟ್ಟವರಲ್ಲ. ಆದರೆ ಒಳಗೆ ನಡೆಯುವುದೆಲ್ಲ ಅವರಿಗೆ ತಿಳಿಯುತ್ತಿತ್ತು. ಒಂದು ದಿನ ನಾನು ಕೊಳದ ಕಡೆ ಹೋದಾಗ, "ಮಕ್ಳಿಗೆ ಪರೀಕ್ಸೆ ಸುರುವಾಯ್ತಾ?" ಎಂದರು. ಯಾರು ಹೇಳಿದರು ಎಂದು ಕೇಳಿದೆ. "ಯಾರೇಳ್ಬೇಕು? ಬಚ್ಲು ನೀರು ಕೋಳಿ ಕೂಗೋಕ್ ಮುಂಚೇಲೇ ಬತ್ತಾ ಅದೆ. ಓದ್ಕಳಕ್ಕೆ ಎದ್ದವೆ." ಭಾನುವಾರ ಹುಡುಗಿಯರು ತಲೆಗೆ ಎರೆದುಕೊಂಡರೆ ಜಲ್ಲಿಕಲ್ಲಿನ ಗುಂಡಿಯ ಪಕ್ಕ ಕೂತು ಗೊಣಗುವರು: "ಸೀಗೇಕಾಯಿ ಬುಟ್ಟವ್ರೆ. ಇನ್ನೆರಡ್ ದಿನ ಈ ಕಲ್ಗಳಿಗೆ ಉಸ್ರಾಡಕ್ಕಾಗಕಿಲ್ಲ." ಅಡುಗೆಯಾಕೆ ಸುಟ್ಟ ಎಣ್ಣೆಯನ್ನು ಮೋರಿಗೆ ಚೆಲ್ಲಿದ ದಿನ ಕಿಟಕಿಯ ಹೊರಗೆ ನಿಂತು, "ಲೇ ಅಮ್ಮಣ್ಣಿ, ನಿನ್ ಗಂಡನ್ ತಲೇಗಾರಾ ಅಚ್ಬಾರ್ದಾ ಅದ್ನ?" ಎಂದು ಕೂಗಿದ್ದು ಸ್ಟಾಫ್ ರೂಮಿಗೂ ಕೇಳಿಸಿತ್ತು.

ಮಧ್ಯಾಹ್ನ ಅವರ ಅಕ್ಕ ಸಿಲ್ವಾರದ ಬೋಸಿಯಲ್ಲಿ ಮುದ್ದೆ ತರುತ್ತಿದ್ದರು. ಅವರಿಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು, ಗಂಡ ಸತ್ತ ಮೇಲೆ ತಮ್ಮನ ಮನೆಗೇ ಬಂದವರು. ತಮ್ಮನ ಹೆಂಡತಿಯೂ ಇರಲಿಲ್ಲ, ಮಗ ಹೊಟ್ಟೆಪಾಡಿಗೆ ಬೇರೆ ಊರು ಸೇರಿದ್ದ. ಮನೆಯಲ್ಲಿ ಇವರಿಬ್ಬರೇ. ಅಕ್ಕನಿಗೆ ಮಂಡಿ ನೋವು, ಒಂದು ಮೈಲಿ ನಡೆಯಲು ಮೂರು ಕಡೆ ಕೂರುತ್ತಿದ್ದರು. ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ.

"ಏನ್ಲಾ, ಇನ್ನೂ ಆ ಕಕ್ಕಸ್ ನೀರ್ಗೆ ಜೋಗುಳ ಏಳ್ತಾ ಕೂತಿದ್ದೀಯಾ? ಬಾ, ಮುದ್ದೆ ಆರೋಯ್ತದೆ."

"ನೀನ್ ದಾರೀಲಿ ಮೂರ್ ದಪ ಕೂತ್ರೆ ಆರ್ದೆ ಇನ್ನೇನಾದದು?"

"ನಿನ್ಗೋಸ್ಕರ ಓಡ್ಬರಕ್ಕೆ ನಾನೇನ್ ನಿನ್ ಎಂಡ್ತೀನಾ?"

ನನ್ನನ್ನು ನೋಡಿದರೆ ಅಕ್ಕನಿಗೆ ಒಂದೇ ಪ್ರಶ್ನೆ. "ಮೊದ್ವೆ ಆಯ್ತಾ ಮಗ?" ಇಲ್ಲ ಅಂದರೆ, ಯಾಕೆ ಎನ್ನುವರು. ನಾನು ಮದುವೆ ಎಂಬ ವ್ಯವಸ್ಥೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಕಾರಣಸಹಿತ ಹೇಳಿದೆ ಒಂದು ದಿನ. ಪೂರ್ತಿ ಕೇಳಿಸಿಕೊಂಡು, ತಮ್ಮನ ಕಡೆ ತಿರುಗಿ, "ಈ ಮಗೂನ ಕಟ್ಕಳವ್ನು ಕಿವುಡ ಆಗಿರ್ಬೇಕು ಕಣ್ಲಾ" ಅಂದರು. ನೀರುಗಂಟಿ ಬಾಯಲ್ಲಿದ್ದ ಮುದ್ದೆ ನುಂಗಲಾಗದೆ ನಕ್ಕರು. ನಾನೂ ನಕ್ಕೆ. ಆ ಮುದುಕಿಯ ಜೊತೆ ವಾದ ಮಾಡಿ ಗೆಲ್ಲುವುದು ಸಾಧ್ಯವಿರಲಿಲ್ಲ, ಯಾಕೆಂದರೆ ಆಕೆ ವಾದವನ್ನೇ ಮಾಡುತ್ತಿರಲಿಲ್ಲ.

ಏಳನೆಯ ದಿನ ಬೆಳಿಗ್ಗೆ ಎಲ್ಲಿಗೋ ಹೋಗುತ್ತಿದ್ದರು ಅಂದೆನಲ್ಲ, ಅದನ್ನು ನಾನು ಕರ್ತವ್ಯಲೋಪ ಎಂದು ಗುರುತು ಹಾಕಿಕೊಂಡಿದ್ದೆ. ಒಮ್ಮೆ ಕೇಳಿಯೂ ಕೇಳಿದೆ.

"ಕೆಲಸದ ಹೊತ್ತಿನಲ್ಲಿ ಎಲ್ಲಿಗೆ ಹೋಗ್ತೀರಿ?"

"ಏಳ್ಬರಕ್ಕೆ ಓಗಿದ್ದೆ."

"ಯಾರಿಗೆ?"

"ಕೆಳಗ್ಲೋರ್ಗೆ. ಇವತ್ ನೀರು ಬುಡ್ತೀನಿ ಅಂತ."

ಕೆಳಗಿನವರು ಅಂದರೆ ಗದ್ದೆಯವರು ಎಂದುಕೊಂಡೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: ಯಾತಕ್ಕೆ ಹೇಳಬೇಕು? ಕೇಳಲಿಲ್ಲ. ಅವರು ಹೋಗುತ್ತಿದ್ದದ್ದು ಕೇರಿಯ ಹೆಂಗಸರಿಗೆ, ಇವತ್ತಿಗೂ ನಾಳೆಗೂ ಆಗುವಷ್ಟು ಈಗಲೇ ತುಂಬಿಕೊಳ್ಳಿ, ನೀರು ಹಾದುಹೋಗಿ ಮರಳು ತಿಳಿಯಾಗುವವರೆಗೆ ಗುಂಡಿಗೆ ಬಿಂದಿಗೆ ಇಳಿಸಬೇಡಿ ಎಂದು ಹೇಳಲು. ಕೆರೆಯ ಕಾಲದ ನೀರುಗಂಟಿಯೂ ತೂಬು ಎತ್ತುವ ಮೊದಲು ಹೀಗೆಯೇ ಕೂಗಿ ಹೇಳಬೇಕಾಗಿತ್ತಂತೆ. ಹೇಳದೆ ನೀರು ಬಿಟ್ಟ ನೀರುಗಂಟಿಗೆ ಊರಿನಲ್ಲಿ ಬೆಲೆಯಿರಲಿಲ್ಲ.

ಎಪ್ಪತ್ತನಾಲ್ಕರಲ್ಲಿ ನೀರಿನ ಮಾಲಿನ್ಯಕ್ಕೆ ಕಾನೂನು ಬಂತಲ್ಲ, ಅದಾದ ಒಂದೆರಡು ವರ್ಷಕ್ಕೆ ಮೈಸೂರಿನಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಕಟ್ಟುನಿಟ್ಟಿನ ಮನುಷ್ಯ, ಕೆಟ್ಟವರಲ್ಲ. ಅವರು ಬರಲು ಒಂದು ದೂರು ಕಾರಣ. ಕೆಳಗಿನ ಗದ್ದೆಯವರೊಬ್ಬರ ಭತ್ತದ ಒಟ್ಲು, ಅಂದರೆ ಸಸಿಮಡಿ, ಏಳನೆಯ ದಿನದ ನೀರಿನ ರಭಸಕ್ಕೆ ಕೊಚ್ಚಿಹೋಗಿತ್ತು. ಅಧಿಕಾರಿ ಕೊಳ ನೋಡಿದರು, ಹಲಗೆ ನೋಡಿದರು, ಸೊಂಟದ ಹಗ್ಗ ನೋಡಿ ನನ್ನ ಮುಖ ನೋಡಿದರು. ನನಗೆ ನಾಚಿಕೆಯಾಯಿತು. ಆ ನಾಚಿಕೆ ನನಗೆ ಈಗಲೂ ಚೆನ್ನಾಗಿ ನೆನಪಿದೆ.

ಹದಿನೈದು ದಿನಕ್ಕೆ ಷರತ್ತಿನ ಕಾಗದ ಬಂತು. ನೀರನ್ನು ಒಂದೇ ಸಲ ಬಿಡಕೂಡದು. ಪ್ರತಿದಿನ, ನಿಗದಿತ ಹೊತ್ತಿನಲ್ಲಿ, ಸಮಪ್ರಮಾಣದಲ್ಲಿ ಬಿಡತಕ್ಕದ್ದು. ತಿಂಗಳಿಗೊಂದು ಸೀಸೆ ಮಾದರಿ ಮೈಸೂರಿಗೆ ಕಳಿಸತಕ್ಕದ್ದು. ಪ್ರತಿದಿನ ಬಿಡಬೇಕಾದರೆ ನಡುವಿನ ಕೊಳವೆ ಸದಾ ತೆರೆದಿರಬೇಕು. ಇಂದು ಬಚ್ಚಲಿನಿಂದ ಹೋದ ನೀರು ನಾಳೆಯೋ ನಾಡಿದ್ದೋ ಕಾಲುವೆಯಲ್ಲಿರುತ್ತದೆ. ಈ ಲೆಕ್ಕ ಹಾಕಲು ವಿಜ್ಞಾನದ ಪದವಿ ಬೇಕಿರಲಿಲ್ಲ. ಆದರೂ ನಾನು ಹಾಕಲಿಲ್ಲ.

ನೀರುಗಂಟಿ ಒಪ್ಪಲಿಲ್ಲ. ದೊಡ್ಡ ಮೇಡಂ ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಅವರಿಗೆ ವಾದ ಕೇಳುವುದೆಂದರೆ ಇಷ್ಟ, ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೂ ಅದಕ್ಕೇ ಇರಬೇಕು. ಇನ್ನಿಬ್ಬರು ಟೀಚರುಗಳೂ ಇದ್ದರು. ನೀರುಗಂಟಿ ಬಾಗಿಲಲ್ಲಿ ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಏಳು ದಿನ ಯಾಕೆ ನಿಲ್ಲಿಸಬೇಕು?" ಎಂದು ಶುರು ಮಾಡಿದೆ.

"ನಮ್ಮಪ್ಪ ಏಳ್ಕೊಟ್ಟಿದ್ದು. ನಿಂತ್ ನೀರ್ಗೆ ಒಸ ನೀರು ಸೇರಿದ್ರೆ ಏಳ್ ದಿನ ಬುಡ್ಬೇಕು."

"ನಿಮ್ಮಪ್ಪ ನೋಡಿದ್ದು ಕೆರೆ. ಇದು ಕೆರೆಯಲ್ಲ. ಹೌದೋ ಅಲ್ಲವೋ?"

"ಔದು."

"ಹಾಗಾದರೆ ಏಳೇ ಯಾಕೆ? ಆರು ಯಾಕಲ್ಲ? ಎಂಟು ಯಾಕಲ್ಲ?"

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಆರ್ಕೆ ನೀರು ಕಣ್ ಬುಡಕಿಲ್ಲ ಮೇಡಮ್ಮೋರೆ. ಏಳ್ಕೆ ಬುಡ್ತದೆ."

"ನೀರಿಗೆ ಕಣ್ಣಿದೆಯೇ?"

ಟೀಚರುಗಳು ನಕ್ಕರು. ದೊಡ್ಡ ಮೇಡಂ ನಗು ತಡೆದುಕೊಂಡರು. ನೀರುಗಂಟಿ ಏನೋ ಹೇಳಲು ಬಾಯಿ ತೆರೆದರು. ನನ್ನನ್ನು ನೋಡಿದರು, ನಗುತ್ತಿದ್ದವರನ್ನು ನೋಡಿದರು, ಅಂಗಳದಲ್ಲಿ ಹಗ್ಗದಾಟ ಆಡುತ್ತಿದ್ದ ಹುಡುಗಿಯರ ಕಡೆ ನೋಡಿದರು. ಬಾಯಿ ಮುಚ್ಚಿದರು. ನಾನು ಉಳಿದ ಎರಡು ಅಂಶಗಳನ್ನೂ ಹೇಳಿ ಮುಗಿಸಿದೆ: ಕಾನೂನು ಎಲ್ಲರಿಗೂ ಒಂದೇ, ಮತ್ತು ಸೀಸೆಯಲ್ಲಿ ಪರೀಕ್ಷೆ ಮಾಡಬಹುದಾದದ್ದನ್ನು ಹಗ್ಗದಲ್ಲಿ ಗಂಟು ಹಾಕಿ ತಿಳಿಯುವ ಅಗತ್ಯವಿಲ್ಲ. ಎರಡನೆಯದು ಚೆನ್ನಾಗಿ ಬಂತು ಎಂದು ಆವತ್ತು ನನಗೇ ಅನ್ನಿಸಿತ್ತು.

"ಸರಿ ಬುಡಿ," ಅಂದರು. "ಕಾಗ್ದ ನಿಮ್ದು."

ನೀರು ಕಣ್ಣು ಬಿಡುವುದೆಂದರೆ ಏನು ಎಂದು ಆಮೇಲೆ ಓದಿ ತಿಳಿದುಕೊಂಡೆ. ಬಿಸಿಲಿಗೆ ಬಿಟ್ಟು ನಿಲ್ಲಿಸಿದ ನೀರಿನಲ್ಲಿ ಕಾಯಿಲೆಯ ಕ್ರಿಮಿಗಳು ದಿನದಿಂದ ದಿನಕ್ಕೆ ಸಾಯುತ್ತಾ ಹೋಗುತ್ತವೆ. ಹಸಿರು ಕದಡು ತಳ ಸೇರಿ ಮೇಲೆ ತಿಳಿಯಾಗುತ್ತದೆ. ಕೊಳದ ತಳದ ಕಲ್ಲು ಕಾಣುತ್ತದೆ. ನಾವು ಮೈಸೂರಿಗೆ ಕಳಿಸುತ್ತಿದ್ದ ಸೀಸೆಯಲ್ಲಿ ಅಲ್ಲಿನವರು ನೋಡುತ್ತಿದ್ದದ್ದು ಕೊಳೆಯುವ ವಸ್ತು ಎಷ್ಟಿದೆ, ತೇಲುವ ಕಸ ಎಷ್ಟಿದೆ, ಇವೆರಡನ್ನೇ. ಕ್ರಿಮಿಯನ್ನು ಆ ಸೀಸೆ ನೋಡುತ್ತಿರಲಿಲ್ಲ. ನಮ್ಮ ಮಾದರಿಗಳು ಒಂದು ತಿಂಗಳೂ ತಪ್ಪದೆ ಪಾಸಾದವು.

ನಾನೇ ವೇಳಾಪಟ್ಟಿ ಬರೆದೆ. ಬೆಳಿಗ್ಗೆ ಎಂಟಕ್ಕೆ ಹಲಗೆ ಒಂದು ಗೇಣು ಮೇಲೆ, ಹತ್ತಕ್ಕೆ ಕೆಳಗೆ. ಸಂಜೆ ನಾಲ್ಕಕ್ಕೆ ಮೇಲೆ, ಆರಕ್ಕೆ ಕೆಳಗೆ. ಅವರು ದಿನವೂ ಸ್ಟಾಫ್ ರೂಮಿನ ಕಿಟಕಿಗೆ ಬಂದು, "ಎಂಟಾಯ್ತಾ ಮೇಡಮ್ಮೋರೆ?" ಎಂದು ಕೇಳಿ ಹೋಗುತ್ತಿದ್ದರು. ಒಂದು ನಿಮಿಷ ಹೆಚ್ಚು ಕಡಿಮೆಯಿಲ್ಲ. ಮಧ್ಯಾಹ್ನ ಅಕ್ಕ ಬಂದಾಗ ಮೊದಲಿನಂತೆ ಬೈದಾಟ ಕೇಳಿಸುತ್ತಿರಲಿಲ್ಲ. ಇಬ್ಬರೂ ಸುಮ್ಮನೆ ಉಣ್ಣುತ್ತಿದ್ದರು. ವ್ಯವಸ್ಥೆ ಒಂದು ಹದಕ್ಕೆ ಬಂತು ಎಂದು ದೊಡ್ಡ ಮೇಡಮ್ಮಿಗೆ ವರದಿ ಕೊಟ್ಟೆ.

ಸಂಕ್ರಾಂತಿ ಕಳೆದು ನಾಲೆ ನಿಲ್ಲಿಸಿದರು.

ಶಿವರಾತ್ರಿ ಹತ್ತಿರವಿದ್ದ ಒಂದು ದಿನ ಎಂಟು ಗಂಟೆಗೆ ಅವರು ಕಿಟಕಿಗೆ ಬರಲಿಲ್ಲ. ಎಂಟೂವರೆಗೆ ನಾನೇ ಕೊಳದ ಹತ್ತಿರ ಹೋದೆ. ಆಗತಾನೆ ಬಂದಿದ್ದರು. ಪಂಚೆಯ ಅಂಚಿಗೆ, ಕೈಗೆ ಕೆಂಪು ಮಣ್ಣು.

"ಇವತ್ತು ಅರ್ಧ ಗಂಟೆ ತಡವಾಯಿತು," ಅಂದೆ.

"ಊಂ. ಅಕ್ಕನ್ನ ಮಣ್ಗಾಕ್ಬುಟ್ಟು ಬಂದೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ಹಲಗೆಯ ಹಿಡಿಕೆಗೆ ಕೈ ಹಾಕಿ ನಿಂತರು, ಎತ್ತಲಿಲ್ಲ. ಅತ್ತೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹೊತ್ತು ಕೇಳುವ ದನಿಯಲ್ಲೇ ಕೇಳಿದರು.

"ಕೆಳಗೆ ಕೇರೀಲಿ ಎಂಟ್ ಮನೇಲಿ ವಾಂತಿ-ಬೇದಿ. ಈ ಕಾಲ್ವೆ ನೀರೇ ಕುಡ್ಯೋದು ಅವ್ರು. ಈಗ ಅಲ್ಗೆ ಎತ್ಲಾ, ಬ್ಯಾಡ್ವಾ? ನೀನೇ ಏಳು."

"ಬೇಡ," ಅಂದೆ.

ಕೈ ತೆಗೆದರು. ಕೊಳದ ಏರಿಯ ಮೇಲೆ ಕೂತರು. ನಾನು ನಿಂತೇ ಇದ್ದೆ. ಬೇಡ ಎಂಬ ಪದವನ್ನು ಹೇಳಲು ಎಷ್ಟು ಕಡಿಮೆ ಹೊತ್ತು ಸಾಕು ಎಂದು ಯೋಚಿಸುತ್ತಿದ್ದೆ. ಅಂಥ ಹೊತ್ತಿನಲ್ಲಿ ಮನುಷ್ಯ ಯೋಚಿಸುವುದು ಇಂಥದ್ದನ್ನೇ.

ಸ್ವಲ್ಪ ಸ್ವಲ್ಪವಾಗಿ ಹೇಳಿದರು. ದಿನಕ್ಕೆರಡು ಸಲ ನೀರು ಬರಲು ಶುರುವಾದ ಮೇಲೆ ಮರಳು ತಿಳಿಯಾಗಲು ಬಿಡುವೇ ಇರಲಿಲ್ಲ. ಗುಂಡಿಯ ನೀರು ಮುಟ್ಟಬೇಡಿ ಎಂದು ಕೇರಿಯಲ್ಲಿ ಹೇಳಿದ್ದರು. ಕಾಲಿನಲ್ಲಿ ಶಕ್ತಿಯಿದ್ದವರು ಎರಡು ಮೈಲಿ ಆಚೆ ಯಾರದೋ ತೋಟದ ಪಂಪ್‌ಸೆಟ್ಟಿಗೆ ಹೋಗಿ, ಬೇಡಿ, ತಂದರು. ಕೆಲವು ಮನೆಯವರು ಹೋಗಲಾರದೆ ಗುಂಡಿಗೇ ಬಂದರು. ಅಕ್ಕನ ಮಂಡಿಯಂತೂ ಅಷ್ಟು ದೂರ ಹೋಗದು. ಇವರೇ ಕೆಲಸ ಬಿಟ್ಟ ಮೇಲೆ ಸಂಜೆ ಒಂದು ಬಿಂದಿಗೆ ತಂದಿಡುತ್ತಿದ್ದರು. ಸಾಲದೆ ಬಂದರೆ ಆಕೆ ಮನೆಯ ಮುಂದಿನ ಗುಂಡಿಗೇ ಇಳಿಯುತ್ತಿದ್ದರು. ಬ್ಯಾಡ ಅಂದರೆ, "ನೀನ್ ಬುಟ್ಟ ನೀರೇ ತಾನೇ ಕಣ್ಲಾ? ಇಷ್ಟ್ ವರ್ಸ ಕುಡ್ದಿಲ್ವಾ?" ಎಂದರಂತೆ. ರೋಗ ಹಿಡಿದ ಮೇಲೆ ಗಾಡಿಯಲ್ಲಿ ರಸ್ತೆಗೆ ತಂದು, ಬಸ್ಸಿಗೆ ಹತ್ತಿಸಿ ಮಳವಳ್ಳಿ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಮೈಯಲ್ಲಿ ನೀರೇ ಇರಲಿಲ್ಲ.

"ಯಾಕೆ ಹೇಳಲಿಲ್ಲ ನನಗೆ? ಆವತ್ತು ಮೇಡಂ ರೂಮಿನಲ್ಲಿ ಒಂದು ಮಾತು ಹೇಳಿದ್ದರೆ?"

"ನಮ್ ಕೇರಿ ಎಣ್ಮಕ್ಳು ಆರ್ ಜನ ಅವ್ರೆ ನಿಮ್ಮ ಆಸ್ಟೆಲ್ನಲ್ಲಿ. ನಿಮ್ಮ ಕಕ್ಕಸ್ ನೀರು ಕುಡ್ಯೋರ್ ಮನೆ ಮಕ್ಳು ಅಂತ ಗೊತ್ತಾದ್ರೆ, ಪಕ್ದಲ್ಲಿ ಯಾರ್ ಕೂತಾರು?" ಕೈಗಂಟಿದ್ದ ಮಣ್ಣು ಉಜ್ಜಿಕೊಳ್ಳುತ್ತಾ, "ಆದ್ರೂ ನೀನ್ ಕೇಳಿದ್ರೆ ಏಳ್ತಿದ್ನೋ ಏನೋ ಕಣವ್ವ," ಅಂದರು. "ನೀನ್ ಕೇಳ್ನಿಲ್ಲ. ಗೆದ್ದೆ."

ಅವತ್ತು ಮಧ್ಯಾಹ್ನ ಕೇರಿಗೆ ಹೋದೆ. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ತೊಳೆದು ಬೋರಲು ಹಾಕಿದ್ದ ಸಿಲ್ವಾರದ ಬೋಸಿ. ಹೊರಗೆ ಹತ್ತು ಹೆಜ್ಜೆಗೆ ಮರಳಿನ ಗುಂಡಿ. ಬಗ್ಗಿ ನೋಡಿದೆ. ನೀರು ತಿಳಿಯಾಗಿತ್ತು, ಸೀಸೆಗೆ ತುಂಬಿ ಮೈಸೂರಿಗೆ ಕಳಿಸಿದರೆ ಅದೂ ಪಾಸಾಗುತ್ತಿತ್ತು. ಕಾಯಿಲೆ ಈ ನೀರಿನಿಂದಲೇ ಬಂತು ಎಂಬುದಕ್ಕೆ ಯಾವ ಪರೀಕ್ಷೆಯೂ ಆಗಲಿಲ್ಲ. ಹಳಸಿದ ಊಟದಿಂದ ಬಂದಿರಬಹುದು, ಪಂಪ್‌ಸೆಟ್ಟಿನ ತೊಟ್ಟಿಯಿಂದ ಬಂದಿರಬಹುದು. ಈಗಲೂ ಆ ಪಕ್ಷ ಹಿಡಿದು ಅರ್ಧ ಗಂಟೆ ಮಾತಾಡಬಲ್ಲೆ. ಬಹುಶಃ ಗೆಲ್ಲಬಲ್ಲೆ ಕೂಡ.

ಮುಂದೆ ಆದದ್ದನ್ನೆಲ್ಲ ಹೇಳಿ ಮುಗಿಸಿಬಿಡುತ್ತೇನೆ. ಉಳಿದ ಮನೆಗಳವರು ಚೇತರಿಸಿಕೊಂಡರು. ಶಾಲೆಯ ಅನುಮತಿ ಮುಂದುವರಿಯಿತು. ಯಾರೂ ನೀರಿಗೆ ಇಳಿಯದಂತೆ ಕಾಲುವೆಗೆ ಮುಳ್ಳುತಂತಿ ಬಂತು, ಹಲಗೆ ಮತ್ತೆ ಎಂಟಕ್ಕೆ ಎದ್ದಿತು. ಏಳು ದಿನ ನಿಲ್ಲಿಸಲು ಅವಕಾಶ ಕೊಡಿ ಎಂದು ನಾನು ಮೈಸೂರಿಗೆ ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ಕಾಗದ ಬರದಿದ್ದರೂ ಪರವಾಗಿಲ್ಲ, ನಿಲ್ಲಿಸಿ ಎಂದು ದೊಡ್ಡ ಮೇಡಂ ಹೇಳಿದಾಗ ನೀರುಗಂಟಿಯೇ ಒಪ್ಪಲಿಲ್ಲ. "ಕಾಗ್ದ ಬರ್ಲಿ ಬುಡಿ" ಅಂದರು. ಕೇರಿಗೆ ಮರುವರ್ಷ ಬೋರಿಂಗು ಹಾಕಿದರು. ಅದಕ್ಕೂ ನನಗೂ ಸಂಬಂಧವಿಲ್ಲ. ನಾನು ವರ್ಗ ಕೇಳಿಕೊಂಡು ಕಿರುಗಾವಲಿಗೆ ಬಂದೆ. ಹೊರಡುವ ದಿನ ಕೊಳದ ಹತ್ತಿರ ಹೋಗಿ ಬರ್ತೀನಿ ಅಂದಾಗ, "ಊಂ, ಓಗ್ಬಾ" ಅಂದು, ಎಷ್ಟು ಗಂಟೆಯಾಯಿತು ಎಂದು ಕೇಳಿದರು.

ಇನ್ನೊಂದು ಉಳಿದಿದೆ. ಅದನ್ನು ಅದರ ಜಾಗದಲ್ಲಿ ಹೇಳದೆ ಹಿಂದಕ್ಕೆ ತಳ್ಳಿಕೊಂಡು ಬಂದೆ.

ಅಕ್ಕ ಸತ್ತ ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಆ ಅಧಿಕಾರಿ ಮತ್ತೆ ಬಂದರು. ಶಾಲೆಯ ಜಗುಲಿಯಲ್ಲಿ ಮೇಜು ಹಾಕಿಸಿದೆವು. ಒಂದು ಹೇಳಿಕೆ ಬೇಕಾಗಿತ್ತು; ಅವರು ಹೇಳಿದಂತೆ ನಾನು ಬರೆದೆ. ಶಾಲೆಯ ನೀರನ್ನು ಷರತ್ತಿನ ಪ್ರಕಾರ ಪ್ರತಿದಿನ ನಿಗದಿತ ಹೊತ್ತಿನಲ್ಲಿ ಬಿಡಲಾಗಿದೆ. ಮಾದರಿಗಳು ಮಿತಿಯೊಳಗಿವೆ. ಸದರಿ ಕಾಲುವೆಯ ನೀರು ಕುಡಿಯಲು ಉದ್ದೇಶಿಸಿದ್ದಲ್ಲ. ಸಾರ್ವಜನಿಕರು ಅದನ್ನು ಅನಧಿಕೃತವಾಗಿ ಬಳಸಿರುತ್ತಾರೆ. ಕೆಳಗೆ ನಾನು ಸಹಿ ಮಾಡಿದೆ. ಹಲಗೆ ಎತ್ತಿ ಇಳಿಸಿದವರ ಸಹಿಯೂ ಬೇಕು ಎಂದರು. ಕರೆಸಿದೆವು.

"ಓದಿ ಏಳವ್ವ," ಅಂದರು.

ಓದಿದೆ. ಇನ್ನೊಂದು ಸಲ ಓದು ಅಂದರು. ನಿಧಾನವಾಗಿ ಓದಿದೆ. ತಲೆ ತಗ್ಗಿಸಿ, ಒಂದು ಕಿವಿ ನನ್ನ ಕಡೆ ಮಾಡಿ ಕೇಳಿಸಿಕೊಂಡರು.

"ಎಲ್ಲಾ ದಿಟವೇ ಬರ್ದಿದ್ದೀಯ," ಅಂದರು. "ಇದ್ರಲ್ಲಿ ನಮ್ಮಕ್ಕ ಎಲ್ಲವ್ಳೆ?"

"ಏನಂತೆ?" ಎಂದರು ಅಧಿಕಾರಿ. ಇವರ ಅಕ್ಕ ತೀರಿಕೊಂಡರು ಎಂದು ಹೇಳಿದೆ. "ಓ," ಅಂದರು. "ಪಾಪ. ಆದರೆ ಅದು ಆರೋಗ್ಯ ಇಲಾಖೆಗೆ ಹೋಗುತ್ತೆ, ನಮಗೆ ಬರೋದಿಲ್ಲ."

ನೀರುಗಂಟಿ ಅಧಿಕಾರಿಯ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಪೆನ್ನು ನನ್ನ ಕೈಯಲ್ಲಿತ್ತು. ನನ್ನ ಸಹಿಗೂ ಕೊನೆಯ ಸಾಲಿಗೂ ನಡುವೆ ಎರಡು ಸಾಲಿನಷ್ಟು ಜಾಗವಿತ್ತು. ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆದರೆ ಪ್ರಶ್ನೆ ಬಂದ ಕೂಡಲೇ ಉತ್ತರ ಹುಡುಕುವುದು ನನಗೆ ಅಭ್ಯಾಸವಾಗಿತ್ತು, ಮತ್ತು ಉತ್ತರ ಸಿಕ್ಕಿಬಿಟ್ಟಿತು.

"ಸಾರ್ವಜನಿಕರು ಅಂತ ಬರೆದಿದೆಯಲ್ಲ," ಅಂದೆ. "ಅದರಲ್ಲಿ ಬರ್ತಾರೆ."

"ಸಾರ್ವಜನಿಕ್ರು," ಎಂದು ಅವರು ಮೆಲ್ಲಗೆ ಅಂದುಕೊಂಡರು. ಆಮೇಲೆ ಮೇಜಿನ ಹತ್ತಿರ ಬಂದರು.

"ಯಾವ್ದದು? ತೋರ್ಸು."

ತೋರಿಸಿದೆ. ಆ ಪದದ ಮೇಲೆ ಎಡಗೈ ಬೆರಳಿಟ್ಟರು, ಹಾರಿಹೋಗದಂತೆ ಒತ್ತಿ ಹಿಡಿದವರ ಹಾಗೆ. ಪೆನ್ನು ಕೊಡು ಎಂದು ಬಲಗೈ ಚಾಚಿದರು. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ. ಒಂದೊಂದನ್ನೂ ಬಿಡಿಬಿಡಿಯಾಗಿ, ದೊಡ್ಡದಾಗಿ ಬರೆದರು. ಎಡಗೈ ಬೆರಳನ್ನು ಮಾತ್ರ, ಸಹಿ ಮುಗಿಯುವವರೆಗೆ, ಅಲ್ಲಿಂದ ಎತ್ತಲಿಲ್ಲ.